ರೆಪ್ಪೆ ಬರೆಯುವಷ್ಟು ಗಾಳಿ

ಇಡೀ ತಿಪಟೂರು ತಾಲ್ಲೂಕಿನಲ್ಲಿ ಗಾಳಿಯನ್ನು ನಮ್ಮ ಭಾವನಷ್ಟು ಗಂಭೀರವಾಗಿ ತೆಗೆದುಕೊಂಡ ಮನುಷ್ಯ ಇನ್ನೊಬ್ಬನಿಲ್ಲ! ನಮ್ಮ ಕಡೆಯವರಿಗೆ ಗಾಳಿ ಎಂದರೆ ಏನು? ಜೋರಾಗಿ ಬೀಸಿದರೆ ತಲೆಯ ಮೇಲೆ ತೆಂಗಿನ ಗರಿ ಬಿದ್ದೀತೆಂದು ಹೆದರುತ್ತೇವೆ, ಬೀಸದಿದ್ದರೆ ಸೆಕೆ ಎಂದು ಬಯ್ಯುತ್ತೇವೆ, ಅಲ್ಲಿಗೆ ಮುಗಿಯಿತು. ಭಾವ ಹಾಗಲ್ಲ. ಅವರು ಗಾಳಿಯನ್ನು ಅಳೆಯುತ್ತಾರೆ, ಸೋಸುತ್ತಾರೆ, ಅದರಲ್ಲಿರುವ ತೇವವನ್ನು ಹಿಂಡಿ ತೆಗೆಯುತ್ತಾರೆ. ಆಮೇಲೆ ಅದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ತೂತಿನಲ್ಲಿ ತೂರಿಸಿ, "ಇವತ್ತಿನ ಗಾಳಿ ಯಾಕೋ ಒರಟು ಕಣಮ್ಮ" ಎಂದು ನಿಟ್ಟುಸಿರು ಬಿಡುತ್ತಾರೆ. ಆ ನಿಟ್ಟುಸಿರನ್ನೂ ಮೊದಲೇ ಅಳೆದಿರುತ್ತಾರೆಂದು ನನ್ನ ಅನುಮಾನ.

ಭಾವ ಎಂದರೆ ನನ್ನ ಅಕ್ಕನ ಗಂಡ. ತಿಪಟೂರಿನಲ್ಲಿ, ಮನೆಗೆ ಹೊಂದಿಕೊಂಡೇ, ಅವರದೊಂದು ಫೋಟೋ ಸ್ಟುಡಿಯೋ ಇದೆ. ಮುಂಭಾಗದಲ್ಲಿ ಪಾಸ್‌ಪೋರ್ಟ್ ಸೈಜು ಫೋಟೋ, ಲ್ಯಾಮಿನೇಶನ್, ಜೆರಾಕ್ಸು. ಅದನ್ನೆಲ್ಲ ಅವರು ಬಲಗೈಯಲ್ಲಿ ಕೊಟ್ಟು ಎಡಗಣ್ಣಿನಲ್ಲಿ ಹಿಂದಿನ ಪರದೆಯ ಕಡೆ ನೋಡುತ್ತಿರುತ್ತಾರೆ. ಏಕೆಂದರೆ ಅವರ ನಿಜವಾದ ಲೋಕ ಇರುವುದು ಆ ಪರದೆಯ ಹಿಂದೆ. ಅಲ್ಲಿ ಒಂದು ಮೇಜು, ಒಂದು ಭೂತಗನ್ನಡಿ ಮತ್ತು ಅವರ ಏರ್‌ಬ್ರಷ್.

ಏರ್‌ಬ್ರಷ್ ಅಂದರೆ ಬ್ರಷ್ಷಲ್ಲ, ಅದಕ್ಕೆ ಕೂದಲೇ ಇಲ್ಲ. ದಪ್ಪ ಪೆನ್ನಿನಂಥ ಒಂದು ಪುಟ್ಟ ಪಿಚಕಾರಿ. ಬಣ್ಣಕ್ಕೊಂದು ಬಟ್ಟಲು, ಗಾಳಿಗೊಂದು ಕೊಳವೆ, ಒಳಗೆ ಬಾಲದಿಂದ ಮೂಗಿನವರೆಗೆ ಒಂದು ಉದ್ದನೆಯ ಸೂಜಿ. ಗುಂಡಿಯನ್ನು ಕೆಳಕ್ಕೆ ಒತ್ತಿದರೆ ಗಾಳಿ ಬರುತ್ತದೆ, ಹಿಂದಕ್ಕೆ ಎಳೆದರೆ ಸೂಜಿ ಸರಿದು ಗಾಳಿಯ ಜೊತೆ ಬಣ್ಣವೂ ಬರುತ್ತದೆ. ನಾನು ತುರುವೇಕೆರೆಯಲ್ಲಿ ಹೈಸ್ಕೂಲಿಗೆ ವಿಜ್ಞಾನ ಹೇಳಿಕೊಡುವವಳು, ಆದ್ದರಿಂದ ಇಷ್ಟಕ್ಕೇ ನಿಲ್ಲಿಸಿದ್ದೇನೆ. ಭಾವನೇ ವಿವರಿಸಿದ್ದರೆ ನೀವು ಇನ್ನೂ ಗುಂಡಿಯ ಹತ್ತಿರವೇ ಇರುತ್ತಿದ್ದಿರಿ.

ಈ ಹುಚ್ಚಿಗೆಲ್ಲ ಕಾರಣ ಒಂದು ಫೋಟೋ, ಮತ್ತು ಆ ಫೋಟೋ ಕೆಡಿಸಿದವಳು ನಾನು. ಹಾಗಂತ ನಮ್ಮ ದೊಡ್ಡಮ್ಮ ನಲವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದಾಳೆ.

ಅಮ್ಮ ತೀರಿಕೊಂಡಾಗ ಅಕ್ಕನಿಗೆ ಒಂಬತ್ತು ವರ್ಷ, ನನಗೆ ಒಂದೂವರೆ. ನಮ್ಮಿಬ್ಬರನ್ನೂ ಸಾಕಿದ್ದು ಅಮ್ಮನ ಅಕ್ಕ, ಹೊನ್ನವಳ್ಳಿಯ ಈ ದೊಡ್ಡಮ್ಮ. ಅಮ್ಮನದೆಂದು ಉಳಿದಿರುವುದು ಒಂದೇ ಒಂದು ಫೋಟೋ, ಅದೂ ಅವಳೊಬ್ಬಳದಲ್ಲ. ಯಾರದೋ ಗೃಹಪ್ರವೇಶದಲ್ಲಿ ತೆಗೆಸಿದ ಕಪ್ಪುಬಿಳುಪಿನ ಗುಂಪು. ದೊಡ್ಡವರು ಹದಿನೆಂಟು ಜನ ಇದ್ದಾರೆ. ಹದಿನೇಳು ಜನ ಉಸಿರು ಬಿಗಿಹಿಡಿದು ಕ್ಯಾಮೆರಾವನ್ನೇ ನೋಡುತ್ತಿದ್ದಾರೆ. ಎರಡನೇ ಸಾಲಿನಲ್ಲಿ ಕುಳಿತ ಅಮ್ಮ ಮಾತ್ರ ತಲೆ ಬಗ್ಗಿಸಿದ್ದಾಳೆ. ಮುಖ ಒಂದು ಹೆಸರುಕಾಳಿನಷ್ಟಿದೆ, ಅದರಲ್ಲೂ ಒಂದು ಪಕ್ಕ ತೇವ ಹಿಡಿದು ಮಾಸಿದೆ. ಕಣ್ಣು ಕಾಣುವುದಿಲ್ಲ, ರೆಪ್ಪೆ ಇರಬೇಕಾದಲ್ಲಿ ಕಪ್ಪಗೊಂದು ಗೀಟು ಕಾಣುತ್ತದೆ. ಅವಳ ತೊಡೆಯ ಮೇಲೆ ಬೆಳ್ಳಗೆ ಕದಡಿಹೋದಂಥದ್ದೇನೋ ಇದೆಯಲ್ಲ, ಅದು ನಾನು. ಕ್ಯಾಮೆರಾ ಕಣ್ಣು ಮಿಟುಕಿಸುವಾಗ ಅಲ್ಲಾಡಿದ್ದರಿಂದ ಹಾಗೆ ಬಂದಿದ್ದೇನೆ.

"ನೀನು ರಂಪ ಮಾಡ್ದೆ ಸುಮ್ಕೆ ಕೂತಿದ್ದಿದ್ರೆ ಅವಳ್ಯಾಕೆ ತಲೆ ಬಗ್ಗುಸೋಳು? ಮಕ ಪೂರ್ತಿ ಕಾಣ್ತಿತ್ತು ಕಣೇ" ಎಂದು ದೊಡ್ಡಮ್ಮ ಪ್ರತಿ ವರ್ಷ ಹಿರಿಯರ ಹಬ್ಬದ ದಿನ ಹೇಳುತ್ತಾಳೆ. ಸಿಟ್ಟಿನಿಂದೇನೂ ಅಲ್ಲ. ಅವತ್ತು ಎಡೆಗೆ ಹೋಳಿಗೆ ಬಡಿಸುವಾಗ ಕಾಯಿಹಾಲಿನ ಜೊತೆಗೆ ಆ ಮಾತನ್ನೂ ಬಡಿಸುವುದು ಅವಳ ವಾಡಿಕೆ. ಆದರೆ ನಾನು ಅದನ್ನು ನುಂಗಿಕೊಂಡೇ ಬೆಳೆದೆ.

ಹಬ್ಬದ ದಿನ ನಮ್ಮಲ್ಲಿ ತೀರಿಕೊಂಡವರ ಫೋಟೋಗಳನ್ನು ಒರೆಸಿ, ವಿಭೂತಿ ಹಚ್ಚಿ, ಸಾಲಾಗಿ ಮಣೆಯ ಮೇಲಿಟ್ಟು, ಮುಂದೆ ಹೊಸ ಬಟ್ಟೆ ಮತ್ತು ಎಡೆ ಇಡುತ್ತೇವೆ. ಅಜ್ಜನದು ಇದೆ, ಅಜ್ಜಿಯದು ಇದೆ, ಅಪ್ಪನದೂ ಇದೆ. ಅಮ್ಮನ ಮಣೆಯ ಮೇಲೆ ಬರೀ ಒಂದು ಸೀರೆ. ಗುಂಪಿನ ಫೋಟೋ ಇಡೋಣವೆಂದರೆ ಆಗುವುದಿಲ್ಲ, ಏಕೆಂದರೆ ಅದರಲ್ಲಿರುವ ಅರ್ಧ ಜನ ಇನ್ನೂ ಗಟ್ಟಿಮುಟ್ಟಾಗಿ ಓಡಾಡುತ್ತಿದ್ದಾರೆ. ಬದುಕಿರುವವರ ಫೋಟೋಗೆ ಎಡೆ ಇಡುವುದುಂಟೇ? ಚಿಕ್ಕವಳಿದ್ದಾಗ ಒಮ್ಮೆ ತಿಳಿಯದೆ ಆ ಫೋಟೋ ತಂದು ಮಣೆಯ ಮೇಲಿಟ್ಟುಬಿಟ್ಟಿದ್ದೆ. ಫೋಟೋದಲ್ಲಿ ಅಮ್ಮನ ಪಕ್ಕದಲ್ಲೇ ಕುಳಿತಿರುವ ದೊಡ್ಡಮ್ಮ ಅದನ್ನು ನೋಡಿ, "ಇನ್ನೊಂದಷ್ಟು ದಿನ ತಡಿಯೇ, ನನಗೂ ಇಡೀವಂತೆ" ಎಂದು ಸೌಟು ಹಿಡಿದುಕೊಂಡೇ ಅಟ್ಟಿಸಿಕೊಂಡು ಬಂದಳು.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಅಕ್ಕನ ಮದುವೆಯಾಯಿತು. ಹೊಸ ಅಳಿಯನಾಗಿ ಹಬ್ಬಕ್ಕೆ ಬಂದ ಭಾವ ಸೀರೆ ಮಾತ್ರ ಇದ್ದ ಮಣೆಯನ್ನು ನೋಡಿದರು. ಫೋಟೋ ತರಿಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಎಲೆ ಮುಂದೆ ಕೂತವರೆಲ್ಲ ಕಾಯುತ್ತಿದ್ದರು, ಅನ್ನ ಆರುತ್ತಿತ್ತು. ಕೊನೆಗೆ ಅವರು ಹೇಳಿದರು, "ಮುಂದಿನ ಹಬ್ಬಕ್ಕೆ ನಾನು ಬರ್ಕೊಡ್ತೀನಿ ಬುಡಿ. ಮಕ ಅಂಗೈಯಷ್ಟು ಬರಂಗೆ." ಆ ಮುಂದಿನ ಹಬ್ಬ ಇಪ್ಪತ್ತಾರು ವರ್ಷ ಮುಂದಕ್ಕೆ ಹೋಗುತ್ತಲೇ ಇತ್ತು!

ಮೊದಲು ಕೊಂಡ ಏರ್‌ಬ್ರಷ್ಷಿಗೆ ಬಣ್ಣದ ಸೀಸೆ ಕೆಳಗೆ ತೂಗಾಡುತ್ತಿತ್ತು. ಮೂಗಿನ ತೂತು ಅರ್ಧ ಮಿಲಿಮೀಟರು. ಕೇಳುವುದಕ್ಕೆ ಸಣ್ಣದೇ, ಆದರೆ ಅದರಲ್ಲಿ ಎಳೆದ ರೆಪ್ಪೆಗೂದಲು ತೆಂಗಿನ ನಾರಿನ ಹುರಿಯಷ್ಟು ದಪ್ಪ ಬಂತು. ಭಾವನಿಗೆ ಕಾಗದದ ಮೇಲೆ ಅಭ್ಯಾಸ ಮಾಡಿ ಸಾಕಾಯಿತು. ಮುಖವೆಂದರೆ ಉಬ್ಬುತಗ್ಗು ಇರುವ ವಸ್ತು, ಕಾಗದ ಚಪ್ಪಟೆ, ಕೈಗೆ ಅಂದಾಜು ಸಿಗುವುದಿಲ್ಲ ಎಂದರು. ದುಂಡಗಿರುವ, ಕಣ್ಣೂ ಇರುವ, ನಮ್ಮ ಸೀಮೆಯಲ್ಲಿ ಎಷ್ಟು ಬೇಕಾದರೂ ಸಿಗುವ ವಸ್ತು ಯಾವುದು? ಸುಲಿದ ತೆಂಗಿನಕಾಯಿ! ಅದರ ಕಣ್ಣುಗಳಿಗೆ ಭಾವ ರೆಪ್ಪೆ ಬರೆಯಲು ಶುರುಮಾಡಿದರು.

ಅಡುಗೆಮನೆಯ ಬುಟ್ಟಿಯಲ್ಲಿ ರೆಪ್ಪೆಯ ಕಾಯಿಗಳು ತುಂಬಿದವು. ಕಾಯಿ ತುರಿಯಲು ಹೋದ ಅಕ್ಕನನ್ನು ಅವು ಮೂರು ಮೂರು ಕಣ್ಣಿನಲ್ಲಿ ನೋಡುತ್ತಿದ್ದವು. ಒಂದು ಸೋಮವಾರ ಅವಳು ಅವಸರದಲ್ಲಿ ಅಂಥದೊಂದು ಕಾಯಿಯನ್ನು ದೇವಸ್ಥಾನಕ್ಕೆ ಒಯ್ದಳು. ಪೂಜಾರಪ್ಪ ಕಾಯಿ ಹಿಡಿದು, ಒಡೆಯಲು ಕೈಯೆತ್ತಿ, ಹಾಗೇ ನಿಂತುಬಿಟ್ಟರಂತೆ. ಆಮೇಲೆ ಕಾಯಿಯನ್ನು ಮೆಲ್ಲಗೆ ತಟ್ಟೆಗೆ ವಾಪಸ್ ಇಟ್ಟು, "ಬೇರೆ ತಾರಮ್ಮ. ಇದು ನೋಡ್ತೈತೆ, ನನಗೆ ಒಡೆಯಕ್ಕೆ ಕೈ ಬರಲ್ಲ" ಎಂದರಂತೆ. ಅಕ್ಕ ಮನೆಗೆ ಬಂದು ಭಾವನ ಮೇಲೆ ರೇಗಿದಳು. ಭಾವ ಕೇಳಿದ್ದು ಒಂದೇ ಪ್ರಶ್ನೆ: "ಅವರಿಗೆ ಕನ್ನಡಕ ಇಲ್ದೇನೂ ರೆಪ್ಪೆ ಕಾಣ್ತಾ?" ಕಂಡಿತು ಎಂದಳು. "ಹಂಗಾದ್ರೆ ಇನ್ನೂ ದಪ್ಪ ಐತೆ" ಎಂದು ಆ ಏರ್‌ಬ್ರಷ್ಷನ್ನು ಒಳಗಿಟ್ಟರು.

ಎರಡನೆಯದನ್ನು ಆರಿಸಲು ಬೆಂಗಳೂರಿಗೆ ಹೋದಾಗ ನಾನೂ ಜೊತೆಗಿದ್ದೆ. ಚಿತ್ರಕಲೆಯ ಸಾಮಾನಿನ ದೊಡ್ಡ ಅಂಗಡಿ, ಏಸಿ ಬೇರೆ. ಅಂಗಡಿಯವರು ಮಖಮಲ್ಲಿನ ಡಬ್ಬಿಯಲ್ಲಿದ್ದ ಐದಾರು ಏರ್‌ಬ್ರಷ್ಷುಗಳನ್ನು ಒಡವೆ ತೋರಿಸುವಂತೆ ಬಿಡಿಸಿಟ್ಟರು. ಬಟ್ಟಲು ಮೇಲಿರುವುದು, ಪಕ್ಕದಲ್ಲಿರುವುದು, ತೂತು ಸೊನ್ನೆ ಪಾಯಿಂಟ್ ಮೂರು, ಸೊನ್ನೆ ಪಾಯಿಂಟ್ ಎರಡು. ನಮ್ಮ ಭಾವ ಏನು ಮಾಡಿದರು ಗೊತ್ತೇ? ಒಂದೊಂದನ್ನೇ ಎತ್ತಿ, ಕಿವಿಯ ಹತ್ತಿರ ಹಿಡಿದು, ಗಿಲಿಗಿಲಿ ಅಲ್ಲಾಡಿಸಿದರು! ನಮ್ಮಲ್ಲಿ ಅಟ್ಟದ ಮೇಲಿಟ್ಟ ಕಾಯಿ ಕೊಬ್ಬರಿಯಾಗಿದೆಯೇ ಇಲ್ಲವೇ ಎಂದು ತಿಳಿಯುವುದು ಹಾಗೆಯೇ. ಒಳಗೆ ಕೊಬ್ಬರಿ ಕರಟ ಬಿಟ್ಟಿದ್ದರೆ ಗಡಗಡ ಎನ್ನುತ್ತದೆ. ಹುಟ್ಟಿದಾಗಿನಿಂದ ಮಾಡಿದ ಕೆಲಸ, ಕೈ ಬಿಡಬೇಕಲ್ಲ!

ನಾನು ನಾಚಿಕೆಯಿಂದ ಬೇರೆ ಯಾರದೋ ಕಡೆಯವಳಂತೆ ಬಣ್ಣದ ಪೆನ್ಸಿಲು ನೋಡುತ್ತ ನಿಂತೆ. ಅಂಗಡಿಯವರು, "ಸರ್, ಅದನ್ನು ಅಲ್ಲಾಡಿಸಬಾರದು" ಎಂದರು. ಭಾವ ನಾಲ್ಕನೆಯದನ್ನು ಕೆಳಗಿಟ್ಟು, "ಇದರ ಸೂಜಿ ಸಡಿಲ ಐತೆ ನೋಡಿ ಸ್ವಾಮಿ" ಎಂದರು. ಬಿಚ್ಚಿ ನೋಡಿದರೆ ಹೌದು, ಸೂಜಿ ಹಿಡಿಯುವ ತಿರುಪು ಬಿಗಿಯಾಗಿರಲಿಲ್ಲ. ಅಂಗಡಿಯವರ ಮುಖ ನೋಡಬೇಕಿತ್ತು. ಅವರು ಅಂದಿನಿಂದ ಮಾಲು ಬಂದಾಗಲೆಲ್ಲ ಅಲ್ಲಾಡಿಸಿಯೇ ತೆಗೆದುಕೊಳ್ಳುತ್ತಿರಬೇಕು. ಕೊನೆಗೆ ಭಾವ ಆರಿಸಿದ್ದು ಸೊನ್ನೆ ಪಾಯಿಂಟ್ ಎರಡರ, ಬಟ್ಟಲು ಮೇಲಿರುವ, ಕಡಿಮೆ ಗಾಳಿಗೂ ಬಣ್ಣ ತಾನಾಗಿ ಇಳಿದು ಬರುವ ಒಂದನ್ನು. ಅದು ಅಲ್ಲಾಡಿಸಿದರೆ ಚೂರೂ ಸದ್ದು ಮಾಡಲಿಲ್ಲ.

ಹೊಸ ವಸ್ತು ತಂದವರು ಬಳಸುತ್ತಾರೆ. ಭಾವ ಬಿಚ್ಚುತ್ತಾರೆ. ಮನೆಗೆ ಬಂದ ಮೂರನೇ ದಿನಕ್ಕೆ ಅದರ ಬಾಲದ ಹಿಡಿಯನ್ನು ಗರಗಸದಲ್ಲಿ ಕೊಯ್ದು ಕಿಟಕಿ ಮಾಡಿದ್ದರು, ಸೂಜಿ ಎಷ್ಟು ಸರಿಯಿತೆಂದು ಕಣ್ಣಿಗೆ ಕಾಣಬೇಕಂತೆ. ಬಾಲದ ತುದಿಗೆ ಒಂದು ತಿರುಪು ಕೂರಿಸಿದರು, ಗುಂಡಿಯನ್ನು ಎಷ್ಟೇ ಎಳೆದರೂ ಸೂಜಿ ಅದಕ್ಕೆ ತಾಗಿ ನಿಲ್ಲಬೇಕು, ರೆಪ್ಪೆಗೆ ಬೇಕಾದಷ್ಟೇ ಬಣ್ಣ ಬರಬೇಕು. ಮೂಗಿನ ಮುಚ್ಚಳವನ್ನು ಕಿತ್ತೇ ಹಾಕಿದರು, ಹಾಗೆ ಮಾಡಿದರೆ ಚಿತ್ರ ಬರೆಯುವ ಹಲಗೆಗೆ ಇನ್ನೂ ಹತ್ತಿರ ಹೋಗಬಹುದು. ಮುಚ್ಚಳವಿಲ್ಲದ ಸೂಜಿಯ ತುದಿ ಎಲ್ಲಿಗಾದರೂ ತಾಗಿದರೆ ಕಥೆ ಮುಗಿಯಿತು. ಹಾಗಾಗಿ ಅಕ್ಕ ಆ ಕೋಣೆ ಗುಡಿಸುವುದನ್ನೇ ಬಿಟ್ಟಳು. ಬಿಟ್ಟದ್ದಕ್ಕೆ ಅವಳಿಗೆ ಬೇಸರವೇನೂ ಇರಲಿಲ್ಲ.

ಆಮೇಲೆ ಸೂಜಿಯ ಸರದಿ. "ನಿಮ್ಮ ಸ್ಕೂಲಲ್ಲಿ ಮೈಕ್ರೋಸ್ಕೋಪು ಐತಲ್ವೇನಮ್ಮ?" ಎಂದು ಭಾವ ಫೋನು ಮಾಡಿದರು. ಶನಿವಾರ ಮಧ್ಯಾಹ್ನ ಅದನ್ನು ಸೀರೆಯಲ್ಲಿ ಸುತ್ತಿ ತಿಪಟೂರಿಗೆ ತಂದು ಸೋಮವಾರ ಬೆಳಿಗ್ಗೆ ಜಾಗದಲ್ಲಿಟ್ಟಿದ್ದೇನೆ. ಇದನ್ನು ಓದುವ ಹೆಡ್‌ಮಾಸ್ಟರು ಯಾರಾದರೂ ಇದ್ದರೆ ದಯವಿಟ್ಟು ಮುಂದಿನ ಸಾಲಿಗೆ ಹೋಗಿ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಆ ನುಣುಪಾದ ಸೂಜಿ ಹಲ್ಲಿನಲ್ಲಿ ಸಿಗಿದ ಕಬ್ಬಿನಂತಿತ್ತು! ಭಾವನಿಗೆ ಎರಡು ದಿನ ಊಟ ಸೇರಲಿಲ್ಲ. ಅದನ್ನು ಉಜ್ಜಿ ನುಣುಪು ಮಾಡಲು ಎಂಥೆಂಥದೋ ಪೇಸ್ಟು ತರಿಸಿದರು, ಯಾವುದೂ ಒಪ್ಪಿಗೆಯಾಗಲಿಲ್ಲ. ಒಂದು ದಿನ ಸ್ನಾನ ಮಾಡಿ ವಿಭೂತಿ ಹಚ್ಚಿಕೊಳ್ಳುತ್ತಿದ್ದವರು ಬೆರಳುಗಳನ್ನು ಹಣೆಯ ಹತ್ತಿರವೇ ನಿಲ್ಲಿಸಿ, ಒಂದನ್ನೊಂದು ಉಜ್ಜಿ ನೋಡಿಕೊಂಡರು. ಇದಕ್ಕಿಂತ ನಯವಾದ ಬೂದಿ ಎಲ್ಲಿ ಸಿಗುತ್ತದೆ? ಅಂದಿನಿಂದ ದೇವರ ಮನೆಯ ವಿಭೂತಿಗಟ್ಟಿಯಲ್ಲಿ ಅರ್ಧ ಅವರ ಹಣೆಗೆ, ಅರ್ಧ ಸೂಜಿಗೆ. ಸೂಜಿ ಕನ್ನಡಿಯಾಯಿತು. ಅಕ್ಕ ದೇವರಿಗೆ ಬೇರೆ ಗಟ್ಟಿ ತಂದು ಬಚ್ಚಿಟ್ಟಳು.

ಇಷ್ಟು ಬುದ್ಧಿವಂತರು ಎಡವಿದ್ದು ಎಲ್ಲಿ ಎಂದರೆ ಕೊಬ್ಬರಿ ಎಣ್ಣೆಯಲ್ಲಿ. ಎಡವದೆ ಇರುವುದು ಹೇಗೆ ಹೇಳಿ? ನಮ್ಮ ಸೀಮೆಯಲ್ಲಿ ಬೀಗ ಬಿಗಿಯಾದರೆ ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರ ಕಿರುಗುಟ್ಟಿದರೆ ಕೊಬ್ಬರಿ ಎಣ್ಣೆ, ಬೆರಳಿಗೆ ಉಂಗುರ ಸಿಕ್ಕಿಕೊಂಡರೆ, ಕಾಲು ಉಳುಕಿದರೆ, ಮಗು ನಿದ್ದೆ ಮಾಡದಿದ್ದರೆ, ಎಲ್ಲದಕ್ಕೂ ಅದೇ. ಏರ್‌ಬ್ರಷ್ಷಿನ ಗುಂಡಿ ಸ್ವಲ್ಪ ತಡೆಯುತ್ತಿದೆ ಅನ್ನಿಸಿತು, ಭಾವ ಎರಡು ಹನಿ ಬಿಟ್ಟರು. ಸಂಜೆಯವರೆಗೆ ಬೆಣ್ಣೆಯಲ್ಲಿ ಕೈಯಾಡಿಸಿದಂತೆ ಕೆಲಸ ಮಾಡಿತು. ಆಗ ಮಾಗಿಯ ಚಳಿ. ಬೆಳಿಗ್ಗೆ ಎದ್ದರೆ ಬಚ್ಚಲಿನ ಸೀಸೆಯಲ್ಲಿ ಎಣ್ಣೆ ಹೆಪ್ಪುಗಟ್ಟಿತ್ತು, ಏರ್‌ಬ್ರಷ್ಷಿನ ಹೊಟ್ಟೆಯಲ್ಲೂ ಹೆಪ್ಪುಗಟ್ಟಿತ್ತು! ಅಕ್ಕ ಬಾಗಿಲಿಗೆ ನೀರು ಹಾಕಲು ಹೋದಾಗ ಭಾವ ಜಗಲಿಯ ಎಳೆಬಿಸಿಲಿನಲ್ಲಿ, ಒಂದು ಕೈಯಲ್ಲಿ ಎಣ್ಣೆ ಸೀಸೆ, ಇನ್ನೊಂದು ಕೈಯಲ್ಲಿ ಏರ್‌ಬ್ರಷ್ ಹಿಡಿದು ಕುಳಿತಿದ್ದರು. "ಏನ್ರೀ ಇದು?" ಎಂದರೆ, "ಕರಗಲಿ ಅಂತ ಕಾಯ್ತಾ ಇದೀನಿ ಕಣೇ" ಎಂದರು.

ಕರಗಿದ್ದು ಸುಮ್ಮನಿರಲಿಲ್ಲ. ಆ ಹೊತ್ತಿಗೆ ಸುತ್ತಲಿನ ಊರವರೂ ತಮ್ಮ ಹಿರಿಯರ ಚಿತ್ರ ಬರೆಸಲು ಭಾವನ ಹತ್ತಿರ ಬರುತ್ತಿದ್ದರು. ಹುಳಿಯಾರಿನ ಒಬ್ಬ ತೀರಿಹೋದ ಯಜಮಾನರ ಚಿತ್ರ ಅದೇ ವಾರ ಆಗಬೇಕಿತ್ತು. ಬಣ್ಣದ ಜೊತೆ ಎಣ್ಣೆಯೂ ಸೇರಿ, ಕೆನ್ನೆಯ ತುಂಬ ಸಣ್ಣ ಸಣ್ಣ ಗುಳಿ ಬಿದ್ದವು. ಎಣ್ಣೆ ಇದ್ದ ಕಡೆ ಬಣ್ಣ ಕೂರುವುದಿಲ್ಲ. ಭಾವ ತಿದ್ದಲು ಸಮಯ ಕೇಳಬೇಕೆಂದಿದ್ದರು, ಅಷ್ಟರಲ್ಲಿ ಯಜಮಾನರ ಮಕ್ಕಳು ಬಂದೇಬಿಟ್ಟರು. ಚಿತ್ರದ ಮುಂದೆ ಸಾಲಾಗಿ ನಿಂತರು. ಹಿರಿಯ ಮಗ ಕಣ್ಣೊರೆಸಿಕೊಂಡ. "ಅಪ್ಪಯ್ಯಂಗೆ ಸಣ್ಣೋರಿದ್ದಾಗ ಸಿಡುಬು ಆಗಿತ್ತು ಸ್ವಾಮಿ. ಫೋಟೋದಾಗೆ ಒಂದು ಕಲೇನೂ ಬಂದಿರಲಿಲ್ಲ. ನಿಮಗೆ ಹೆಂಗೆ ಗೊತ್ತಾತು?" ಎಂದು ಭಾವನ ಎರಡೂ ಕೈ ಹಿಡಿದುಕೊಂಡ. ಭಾವ ಚಿತ್ರವನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಅವರು ಹೋದ ಮೇಲೆ ಏರ್‌ಬ್ರಷ್ಷನ್ನು ಇಡೀ ಬಿಚ್ಚಿ, ಮೂರು ಸಲ ತೊಳೆದು, ಕೊಬ್ಬರಿ ಎಣ್ಣೆಯ ಸೀಸೆಯನ್ನು ಅಕ್ಕನ ಕೈಗೆ ಕೊಟ್ಟು, "ಇದು ಇನ್ಮೇಲೆ ತಲೆಗಷ್ಟೇ" ಎಂದರು.

ಇನ್ನು ಉಳಿದದ್ದು ಗಾಳಿ. ಏರ್‌ಬ್ರಷ್ಷಿಗೆ ಗಾಳಿ ಊದುವ ಕಂಪ್ರೆಸರು ಬಿಕ್ಕುತ್ತದಂತೆ. ರೆಪ್ಪೆ ಎಳೆಯುವ ಹೊತ್ತಿಗೆ ಸರಿಯಾಗಿ ಅದು ಬಿಕ್ಕಿದರೆ ಗೆರೆ ನಡುಗುತ್ತದಂತೆ. ಭಾವ ಟ್ರಾಕ್ಟರಿನ ಹಿಂದಿನ ಚಕ್ರದ ಟ್ಯೂಬೊಂದನ್ನು ತೋಳಿಗೆ ಹಾಕಿಕೊಂಡು ಪಂಕ್ಚರ್ ಅಂಗಡಿಗೆ ಹೋದರು. ಅಂಗಡಿಯವ ಅವರ ಬಾಲ್ಯದ ಗೆಳೆಯ.

"ಗಾಳಿ ತುಂಬು" ಎಂದರು ಭಾವ.

"ಟ್ರಾಕ್ಟ್ರು ಎಲ್ಲೈತ್ಲಾ?"

"ಟ್ರಾಕ್ಟ್ರು ಇಲ್ಲ ಕಣ್ಲಾ. ರೆಪ್ಪೆ ಬರೀಬೇಕು."

ಗೆಳೆಯ ಇವರ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಮನೆಯಲ್ಲಿ ಎಲ್ಲ ಚೆನ್ನಾಗಿದ್ದಾರೆಯೇ ಎಂದು ವಿಚಾರಿಸಿ, ಗಾಳಿ ತುಂಬಿ ಕಳಿಸಿದ. ಟ್ಯೂಬಿನ ಗಾಳಿ ಬಿಕ್ಕುವುದಿಲ್ಲ, ಸದ್ದಿಲ್ಲದೆ ಒಂದೇ ಸಮನೆ ಬರುತ್ತದೆ. ನಿಜವಾಗಿಯೂ ಬಂತು! ಆ ವರ್ಷ ಭಾವ ಅಮ್ಮನ ಮುಖವನ್ನು ಮುಕ್ಕಾಲು ಪಾಲು ಬರೆದರು. ಹಣೆ ಬಂತು, ಮೂಗು ಬಂತು, ನಾನೂ ಅಕ್ಕನೂ ಪರದೆಯ ಸಂದಿನಿಂದ ಇಣುಕಿ ಇಣುಕಿ ನೋಡುತ್ತಿದ್ದೆವು. ಎಡಗಣ್ಣಿನ ರೆಪ್ಪೆ ಮುಗಿದು ಬಲಗಣ್ಣಿನ ಐದನೇ ಕೂದಲು ಎಳೆಯುತ್ತಿದ್ದಾಗ, ಹೊನ್ನವಳ್ಳಿಯ ಬಸ್ಸಿಳಿದು ದಣಿದು ಬಂದ ದೊಡ್ಡಮ್ಮ ಮೂಲೆಯಲ್ಲಿ ಮೆತ್ತಗೆ ಕಂಡ ಟ್ಯೂಬಿನ ಮೇಲೆ ಸೊಂಟ ಊರಿ ಕುಳಿತುಬಿಟ್ಟಳು. ಬುಸ್ಸೆಂದು ಒಂದು ಕರಿಮೋಡ ಹೊರಟು ಅಮ್ಮನ ಅರ್ಧ ಮುಖ ಮುಚ್ಚಿಹೋಯಿತು.

"ಸ್ಟೂಲು ಅನ್ಕಂಡೆ ಕಣಪ್ಪ" ಎಂದಳು ದೊಡ್ಡಮ್ಮ. ಆಮೇಲೆ ಚಿತ್ರ ನೋಡಿ ಗೊತ್ತಾದಾಗ ಸೆರಗು ಬಾಯಿಗಿಟ್ಟುಕೊಂಡಳು. ಭಾವ ಅವಳಿಗೆ ನೀರು ತಂದುಕೊಟ್ಟರು. "ಹೋಗ್ಲಿ ಬುಡಿ ದೊಡ್ಡಮ್ಮ, ಆ ರೆಪ್ಪೆ ಹೆಂಗೂ ಸ್ವಲ್ಪ ದಪ್ಪ ಬಂದಿತ್ತು" ಎಂದರು. ಬಂದಿರಲಿಲ್ಲ, ನಾನು ನೋಡಿದ್ದೆ. ಅವತ್ತು ನನಗೆ ಭಾವನ ಮೇಲೆ ಬಹಳ ಪ್ರೀತಿ ಬಂತು.

ಇಷ್ಟೆಲ್ಲ ಯಾಕೆ, ಈಗ ಫೋನಿನಲ್ಲೇ ಆಗುತ್ತದಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಒಂದು ದಿನ ಭಾವನಿಗೆ ಹೇಳದೆ ಪ್ರಯತ್ನ ಮಾಡಿದೆ. ಹೆಸರುಕಾಳಿನಷ್ಟಿದ್ದ ಮುಖವನ್ನು ಅದ್ಯಾವುದೋ ಆ್ಯಪಿಗೆ ಕೊಟ್ಟೆ. ಅರ್ಧ ನಿಮಿಷದಲ್ಲಿ ಅಮ್ಮ ತಲೆಯೆತ್ತಿದಳು! ಅಗಲವಾದ ಕಣ್ಣು, ನುಣುಪು ಕೆನ್ನೆ, ಸಾಲು ಹಲ್ಲು. ನಾನು ಸ್ಟಾಫ್ ರೂಮಿನಲ್ಲಿ ಕುಳಿತು ಅತ್ತುಬಿಟ್ಟೆ. ಸಂಜೆಯ ಬಸ್ಸಿಗೆ ತಿಪಟೂರಿಗೆ ಓಡಿ ಅಕ್ಕನಿಗೆ ತೋರಿಸಿದೆ. ಅಕ್ಕ ಬಹಳ ಹೊತ್ತು ನೋಡಿದಳು. "ಚೆನ್ನಾಗವ್ಳೆ. ಯಾರಿವಳು?" ಎಂದಳು.

ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಇಲ್ಲ. ಒಂದು ಇಡೀ ಮಧ್ಯಾಹ್ನ ನಾನು ಯಾರದೋ ಮುಖ ನೋಡಿ ಅತ್ತಿದ್ದೆ. ನನಗೆ ಗೊತ್ತಾಗಲಿಲ್ಲ. ಒಂದೂವರೆ ವರ್ಷದವಳಿಗೆ ಅಮ್ಮನ ಮುಖ ಎಲ್ಲಿ ನೆನಪಿರುತ್ತದೆ?

ಈ ವರ್ಷದ ಹಬ್ಬಕ್ಕೆ ಎರಡು ತಿಂಗಳಿರುವಾಗ ಭಾವ ಹೊಸ ಹಲಗೆಗೆ ಬಿಳಿ ಬಳಿದರು. ಈ ಸಲ ಗಾಳಿ ಸರಿಯಿದೆ, ಸೂಜಿ ಸರಿಯಿದೆ, ಟ್ಯೂಬಿನ ಸುತ್ತ ಮುಳ್ಳಿನ ಬೇಲಿ ಹಾಕುವುದೊಂದು ಬಾಕಿ. ಆದರೆ ಮನೆಯಲ್ಲಿ ಬೇರೆಯೇ ಚರ್ಚೆ ಎದ್ದಿತು. ಕಣ್ಣು ತೆರೆಸಬೇಕೋ ಬೇಡವೋ? "ಎಡೆಗೆ ಇಡೋ ಫೋಟೋ ಕಣ್ಣು ಬುಟ್ಕಂಡು ನಮ್ಮನ್ನ ನೋಡ್ಬೇಕು ಕಣಪ್ಪ. ತಲೆ ಬಗ್ಗುಸ್ಕಂಡಿದ್ರೆ ಯಾತರ ಲಕ್ಷಣ?" ಎಂದಳು ದೊಡ್ಡಮ್ಮ. ಅಮ್ಮನ ಕಣ್ಣು ಹೇಗಿತ್ತೆಂದು ಭಾವ ಕೇಳಿದರೆ, ಅಕ್ಕ, "ನೆನಪೈತೆ, ಹೇಳಕ್ಕೆ ಬರಲ್ಲ" ಎಂದು ಒಳಗೆ ಹೋದಳು.

ನಾನು ಸುಮ್ಮನಿರಲಿಲ್ಲ. ಪರದೆಯ ಹಿಂದೆ ಹೋಗಿ ಭಾವನಿಗೆ ನೇರವಾಗಿಯೇ ಹೇಳಿದೆ. "ಭಾವ, ಆವತ್ತು ನಾನು ರಂಪ ಮಾಡಿ ಕೆಡಿಸಿದೆ. ಅದನ್ನು ನೀವು ಸರಿಮಾಡಿ. ಅವಳು ತಲೆಯೆತ್ತಿ ನೋಡೋ ಹಾಗೆ ಬರೀರಿ. ಒಂದು ಸಲ ನನ್ನನ್ನ ನೋಡ್ಲಿ, ಸಾಕು."

ಭಾವ ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆದರು. "ನೋಡಂಗೆ ಬರೀತೀನಿ ಬುಡಮ್ಮ" ಎಂದರು. ಅಷ್ಟೇ. ಆಮೇಲೆ ಎರಡು ತಿಂಗಳು ನಮ್ಮನ್ನು ಯಾರನ್ನೂ ಪರದೆಯ ಒಳಗೆ ಬಿಡಲಿಲ್ಲ.

ಹಬ್ಬದ ದಿನ ಹೊನ್ನವಳ್ಳಿಗೆ ಚಿತ್ರವನ್ನು ಬೆಡ್‌ಶೀಟಿನಲ್ಲಿ ಸುತ್ತಿ ತಂದರು. ಮಣೆ ಇಟ್ಟಿದ್ದೆವು, ಭಾವ ಅದರ ಮೇಲೆ ಇಡಲಿಲ್ಲ. ಏಣಿ ತರಿಸಿ, ಮಣೆಗೆ ನೇರವಾಗಿ, ನನ್ನ ಕೈಗೂ ಎಟುಕದಷ್ಟು ಎತ್ತರದಲ್ಲಿ ಮೊಳೆ ಹೊಡೆದು, ತೂಗುಹಾಕಿ ಬಟ್ಟೆ ಸರಿಸಿದರು.

ಅಮ್ಮ ತಲೆ ಬಗ್ಗಿಸಿಯೇ ಇದ್ದಳು.

ನನಗೆ ಸಿಟ್ಟು ಬಂತು. ಸುಳ್ಳು ಹೇಳುವುದಿಲ್ಲ, ಬಹಳ ಬಂತು. ಇಪ್ಪತ್ತಾರು ವರ್ಷ ಕಾದಿದ್ದೇನೆ, ಕೇಳಿದ್ದು ಒಂದೇ. "ಮಾತು ಕೊಟ್ಟಿದ್ರಲ್ಲ ಭಾವ" ಎಂದೆ. ಭಾವ ಏಣಿಯಿಂದ ಇಳಿದು ಕೈ ಒರೆಸಿಕೊಂಡರು.

"ನಾನು ಇಷ್ಟು ವರ್ಷ ಆ ಫೋಟೋನೇ ನೋಡಿದೀನಿ ಕಣಮ್ಮ. ರೆಪ್ಪೆ ಬರಿಯೋದು ಯಾವತ್ತೋ ಕೈಗೆ ಬಂದಿತ್ತು. ಬರೀದೇ 'ಮುಂದಿನ ಹಬ್ಬ, ಮುಂದಿನ ಹಬ್ಬ' ಅಂದಿದ್ದು ಬೇರೆದಕ್ಕೆ. ತುಟಿ ಪಕ್ಕದಾಗೆ ಒಂದು ನೆರಳೈತೆ, ಅದು ಹಿಡಿಯಕ್ಕೇ ಆಗ್ತಿರಲಿಲ್ಲ. ಗೆರೆ ಎಳುದ್ರೆ ಹೋಗ್ಬುಡೋದು. ಬರೀ ಗಾಳಿ ಆಡಿಸ್ದಂಗೆ ಬಣ್ಣ ಬೀಳ್ಬೇಕು. ಅದೇನಂತ ನೀನೇ ನೋಡು. ನಿಂತ್ಕಂಡಲ್ಲ, ಆ ಮಣೆ ಪಕ್ಕ ಕೂತ್ಕಂಡು ನೋಡು."

ಮಣೆಯ ಪಕ್ಕ ನೆಲದ ಮೇಲೆ ಕುಳಿತು ತಲೆಯೆತ್ತಿದೆ.

ಬಗ್ಗಿದ ಆ ರೆಪ್ಪೆಗಳ ಕೆಳಗೆ, ನಿಂತಾಗ ನಾನು ಗಮನಿಸದ ಕಣ್ಣು ಕಂಡಿತು. ಅದು ನೇರವಾಗಿ ನನ್ನ ಮೇಲೆ ಬಿದ್ದಿತ್ತು. ತುಟಿಯ ಪಕ್ಕದ ನೆರಳು ನೆರಳಲ್ಲ, ಅವಳು ನಗುತ್ತಿದ್ದಳು. ಅಳುವ ಮಗುವನ್ನು ಸುಮ್ಮನಿರಿಸುವ ಅವಸರ ಆ ಮುಖದಲ್ಲಿ ಎಲ್ಲೂ ಇರಲಿಲ್ಲ. ಹದಿನೇಳು ಜನ ಕ್ಯಾಮೆರಾ ನೋಡುತ್ತಿದ್ದಾಗ ಅವಳಿಗೆ ಕ್ಯಾಮೆರಾ ಬೇಕಿರಲಿಲ್ಲ.

ದೊಡ್ಡಮ್ಮ ಸೌಟನ್ನು ಕೆಳಗಿಟ್ಟು, ಗೋಡೆ ಹಿಡಿದುಕೊಂಡು ಬಂದು ನನ್ನ ಪಕ್ಕದಲ್ಲಿ ಕುಳಿತು ಮೇಲೆ ನೋಡಿದಳು. "ಹಿಂಗೇ ನೋಡೋಳು ಕಣೇ ನಿನ್ನ" ಎಂದಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನೀನು ಅಳ್ತಿರಲಿಲ್ವೇನೋ ಆವತ್ತು. ನನಗೇ ಸರಿಯಾಗಿ ನೆನಪಿಲ್ಲ" ಎಂದಳು.

ಎಡೆಯ ಮೇಲಿನ ಹೋಳಿಗೆ ಆರುತ್ತಿತ್ತು, ಹಸಿದವರು ಹಿಂದೆ ನಿಂತಿದ್ದರು. ಅಕ್ಕ ಬಂದು ನನ್ನ ತಲೆಯ ಮೇಲೆ ಕೈಯಿಟ್ಟು ಹೋದಳು. ಅರವತ್ತು ಮಕ್ಕಳನ್ನು ಒಂದೇ ಮಾತಿಗೆ ಎಬ್ಬಿಸಿ ಕೂರಿಸುವ ನಾನು ಅಮ್ಮನ ಎದುರು ಕಾಲು ಮಡಚಿ ಕೂತೇ ಇದ್ದೆ. ಏಳು ಎಂದು ಯಾರೂ ಅನ್ನಲಿಲ್ಲ.